ಕೈಬಿಟ್ಟ ಐದನೇ ಹೆಜ್ಜೆ

ಮನೆಯಿಂದ,
ಹದಿನಾಲ್ಕನೇ ತಾರೀಕು, ಭಾನುವಾರ ಬೆಳಿಗ್ಗೆ

ಪ್ರೀತಿಯ ಅಪ್ಪಾ,

ಕಣ್ಣು ಹೇಗಿದೆ? ನೀರು ಸೋರುವುದು ನಿಂತಿತೇ? ದಿನಕ್ಕೆ ನಾಲ್ಕು ಸಲ ಹಾಕಬೇಕಾದ ಡ್ರಾಪ್ಸ್ ಅನ್ನು ನೀನೇ ಹಾಕಿಕೊಳ್ಳುತ್ತೇನೆಂದು ಹಟ ಹಿಡಿದು ಅರ್ಧ ಕೆನ್ನೆಗೆ ಬಿಡುತ್ತೀಯಂತೆ, ಅಕ್ಕ ದೂರು ಹೇಳಿದಳು. ಅವಳ ಕೈಗೆ ಕೊಡು, ನಿನ್ನ ಗೌರವವೇನೂ ಕಡಿಮೆಯಾಗುವುದಿಲ್ಲ. ಹದಿನೈದು ದಿನ ಬೋರಲು ಮಲಗಿದ್ದರಿಂದ ಹಿಡಿದುಕೊಂಡಿದ್ದ ಕುತ್ತಿಗೆ ಈಗ ಸಡಿಲವಾಗಿರಬೇಕು. ಇಲ್ಲಿ ನಾವೆಲ್ಲ ಚೆನ್ನಾಗಿದ್ದೇವೆ. ನಿನ್ನ ಮೊಮ್ಮಗಳಿಗೆ ಮುಂದಿನ ಎರಡು ಹಲ್ಲು ಬಿದ್ದಿವೆ. ಯಾವ ಕಟ್ಟಡದೊಳಗೆ ಹೋದರೂ ಲಿಫ್ಟಿನ ಎದುರು ನಿಂತು ‘ಇದನ್ನ ಅಜ್ಜ ರಿಪೇರಿ ಮಾಡಿದ್ದಾ?’ ಎಂದು ಕೇಳುತ್ತಾಳೆ. ಹೌದು ಎಂದರೆ ಮಾತ್ರ ಒಳಗೆ ಕಾಲಿಡುತ್ತಾಳೆ. ಹಾಗಾಗಿ ಈ ಊರಿನ ಲಿಫ್ಟುಗಳನ್ನೆಲ್ಲ ನಿನ್ನ ತಲೆಗೇ ಕಟ್ಟಿದ್ದೇನೆ. ಡಾಕ್ಟರು ದಿನಕ್ಕೆ ಒಂದೆರಡು ಪುಟ ಓದಬಹುದು ಎಂದಿದ್ದಾರಂತೆ. ಅದಕ್ಕೇ ಅಕ್ಷರ ದೊಡ್ಡದು ಮಾಡಿ ಬರೆಯುತ್ತಿದ್ದೇನೆ. ಇವತ್ತೊಂದು ದಿನ ಡಾಕ್ಟರ ಮಾತು ಮೀರಿ ಪೂರ್ತಿ ಓದು. ಅಕ್ಕಾ, ನೀನು ಓದಿ ಹೇಳುತ್ತೇನೆಂದು ಕೈ ಚಾಚಬೇಡ, ಇದು ಅಪ್ಪನೇ ಓದಬೇಕಾದ ಕಾಗದ.

ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಾದರೆ ನೀನು ನನ್ನ ಅರ್ಧ ಮಾತಿಗೇ ‘ಹೋಗ್ಲಿ ಬಿಡು ಮಗಳೇ’ ಎಂದುಬಿಡುತ್ತೀ, ನಾನೂ ಅಷ್ಟಕ್ಕೇ ಬಾಯಿ ಮುಚ್ಚಿಕೊಳ್ಳುತ್ತೇನೆ. ಇದು ಹೋಗಲಿ ಬಿಡು ಎನ್ನುವ ವಿಷಯವಲ್ಲ. ಸುತ್ತಿ ಬಳಸದೆ ಹೇಳಿಬಿಡುತ್ತೇನೆ. ನಾನು ಮಾಡಿದ ಲಿಫ್ಟಿನ ಪಾಠ ಕಲಿತ ಒಬ್ಬರು ಹೋದ ವಾರ ಕೆಲಸದ ಮೇಲಿದ್ದಾಗ ಎಡಗಾಲು ಜಜ್ಜಿಹೋಗಿ ಆಸ್ಪತ್ರೆಯಲ್ಲಿದ್ದಾರೆ. ತಪ್ಪು ಅವರದೇ ಎಂದು ಅವರ ಕಂಪನಿ ಹೇಳುತ್ತಿದೆ. ಅವರದಲ್ಲ, ನನ್ನದು. ಅಷ್ಟೇ ಅಲ್ಲ, ನಿನಗೆ ಗೊತ್ತಿಲ್ಲದಂತೆ ಅದರೊಳಗೆ ನಿನ್ನ ಹೆಸರನ್ನೂ ಎಳೆದು ತಂದಿದ್ದೇನೆ. ಮೊದಲಿನಿಂದ ಬರೆಯುತ್ತೇನೆ, ಸ್ವಲ್ಪ ಸಹನೆಯಿಂದ ಓದು.

ನೀನು ಕಣ್ಣಿನ ಆಪರೇಷನ್ನಿಗೆಂದು ಅಕ್ಕನ ಊರಿಗೆ ಹೊರಟ ವಾರವೇ ನಮ್ಮ ಆಫೀಸಿಗೆ ಈ ಕೆಲಸ ಬಂತು. ಲಿಫ್ಟ್ ನೋಡಿಕೊಳ್ಳುವ ಕಂಪನಿಯೊಂದು ಒಂದೇ ಸಲಕ್ಕೆ ಇನ್ನೂರು ಕಟ್ಟಡಗಳ ಗುತ್ತಿಗೆ ಹಿಡಿದಿತ್ತು. ನಲವತ್ತು ಜನ ಹೊಸಬರನ್ನು ಸೇರಿಸಿಕೊಂಡಿದ್ದರು. ಅವರ ಕೈಗೆ ಸ್ಪ್ಯಾನರ್ ಕೊಡುವ ಮೊದಲು ಫೋನಿನಲ್ಲೇ ನೋಡಿ ಕಲಿಯುವಂಥ ಆನ್‌ಲೈನ್ ತರಬೇತಿ ಬೇಕಿತ್ತು, ಅದೂ ಹನ್ನೆರಡು ದಿನಗಳಲ್ಲಿ. ಇಂಥದಕ್ಕೆ ನಾವು ಮೂರು ತಿಂಗಳು ಕೇಳುವವರು. ನಮ್ಮ ಮೇಲಿನವರು ಉಸಿರು ತೆಗೆದುಕೊಳ್ಳುವ ಮೊದಲೇ ‘ಆಗುತ್ತೆ’ ಎಂದುಬಿಟ್ಟರು. ಅವರಿಗೆ ನಾವೆಲ್ಲ ಇಟ್ಟಿರುವ ಹೆಸರು ‘ಒಂಬತ್ತು ನಿಮಿಷ’. ಯಾವ ಪಾಠವೂ ಒಂಬತ್ತು ನಿಮಿಷ ಮೀರಬಾರದು, ಮೀರಿದರೆ ಜನ ಫೋನನ್ನು ಪಕ್ಕಕ್ಕಿಟ್ಟು ಬೇರೆ ಕೆಲಸ ನೋಡಿಕೊಳ್ಳುತ್ತಾರೆ ಎನ್ನುವುದು ಅವರ ಮಂತ್ರ. ಮೀಟಿಂಗಿಗೆ ಬಂದರೆ ಮೊದಲು ಕೈಗಡಿಯಾರ ಬಿಚ್ಚಿ ಮೇಜಿನ ಮೇಲೆ ಇಡುತ್ತಾರೆ. ಕೆಟ್ಟವರೇನಲ್ಲ ಅಪ್ಪ. ಎರಡು ದೊಡ್ಡ ಗಿರಾಕಿಗಳು ಕೈತಪ್ಪಿ ಹೋಗಿದ್ದರು, ಇದೂ ಹೋದರೆ ಆಫೀಸಿನಲ್ಲಿ ಅರ್ಧ ಕುರ್ಚಿ ಖಾಲಿಯಾಗುವುದೆಂದು ನಮಗೆಲ್ಲ ಗೊತ್ತಿತ್ತು.

ಮೊದಲ ದಿನ ನಾವು ಆರು ಜನ ಒಂದು ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಕೂತೆವು. ಅವಸರದ ಕೆಲಸಕ್ಕೆ ನಮ್ಮಲ್ಲೊಂದು ಪದ್ಧತಿ ಇದೆ. ಹೇಳಬೇಕಾದ ಒಂದೊಂದು ಸಂಗತಿಯನ್ನೂ ಒಂದೊಂದು ಚೀಟಿಯಲ್ಲಿ ಬರೆದು ಗಾಜಿನ ಗೋಡೆಗೆ ಅಂಟಿಸುತ್ತೇವೆ. ಹಳದಿ ಚೀಟಿ ಎಂದರೆ ‘ಬೇಕೇ ಬೇಕು’. ನೀಲಿ ಚೀಟಿ ಎಂದರೆ ‘ಇದ್ದರೆ ಒಳ್ಳೆಯದು’. ಹಳದಿ ಪಾಠಕ್ಕೆ ಹೋಗುತ್ತದೆ. ನೀಲಿ ಬಾಯಿಮಾತಿಗೆ ಮಾತ್ರ ಮುಂದಿನ ಸಲಕ್ಕೆ, ನಿಜವಾಗಿ ಕಸದ ಬುಟ್ಟಿಗೆ. ಲಿಫ್ಟಿನ ಬಗ್ಗೆ ಬಲ್ಲವರು ಯಾರಿದ್ದಾರೆ ಎಂದು ಒಂಬತ್ತು ನಿಮಿಷ ಕೇಳಿದರು. ‘ನಮ್ಮಪ್ಪ ಮೂವತ್ನಾಲ್ಕು ವರ್ಷ ಲಿಫ್ಟ್ ಮೆಕ್ಯಾನಿಕ್ ಆಗಿದ್ರು’ ಎಂದೆ ನಾನು. ಆಗ ನನಗಾದ ಹೆಮ್ಮೆಯನ್ನು ಹೇಗೆ ಬರೆಯಲಿ? ಶಾಲೆಯಲ್ಲಿ ಅಪ್ಪ ಏನು ಮಾಡುತ್ತಾರೆ ಎಂದು ಕೇಳಿದರೆ ಮೆಷಿನ್ ಕೆಲಸ ಎಂದಷ್ಟೇ ಹೇಳಿ ಕೂರುತ್ತಿದ್ದವಳು ನಾನು. ಹೀಗೆ ನೀನು ನಮ್ಮ ಯೋಜನೆಯ ‘ವಿಷಯ ತಜ್ಞ’ನಾದೆ. ಆ ಪದವಿಯನ್ನು ನೀನು ಅಕ್ಕನ ಬೀದಿಯ ದಿನಸಿ ಅಂಗಡಿಯವನಿಂದ ಹಿಡಿದು ಕಣ್ಣಾಸ್ಪತ್ರೆಯ ನರ್ಸಿನವರೆಗೆ ಎಲ್ಲರಿಗೂ ಹೇಳಿಕೊಂಡು ಬಂದದ್ದು ನನಗೆ ಗೊತ್ತು.

ಮೂರು ಸಂಜೆ ನೀನು ಫೋನಿನಲ್ಲಿ ಮಾತಾಡಿದೆ, ನಾನು ರೆಕಾರ್ಡ್ ಮಾಡಿಕೊಂಡೆ. ಲಿಫ್ಟಿನ ಕ್ಯಾಬಿನ್ ಮೇಲೆ ಹತ್ತುವ ಕ್ರಮವನ್ನು ಎಂಟು ಹೆಜ್ಜೆಯಾಗಿ ಹೇಳಿದ್ದೆ. ನಾಲ್ಕನೆಯದು, ಹತ್ತುವ ಮೊದಲು ಬಾಗಿಲಲ್ಲೇ ನಿಂತು ಕೈಚಾಚಿ ಕ್ಯಾಬಿನ್ ಮೇಲಿರುವ ಕೆಂಪು ಸ್ಟಾಪ್ ಬಟನ್ ಒತ್ತುವುದು. ಐದನೆಯದು, ಮತ್ತೆ ಬಾಗಿಲು ಮುಚ್ಚಿ, ಹೊರಗಿನಿಂದ ಲಿಫ್ಟನ್ನು ಕರೆದು, ಹತ್ತು ಎಣಿಸಿ, ಅದು ಅಲುಗಾಡುವುದಿಲ್ಲ ಎಂದು ಖಾತ್ರಿ ಮಾಡಿಕೊಳ್ಳುವುದು. ಬಟನ್ ಒತ್ತಿದ ಮೇಲೆ ಮತ್ತೆ ಯಾಕಪ್ಪ ಇದು ಎಂದು ನಾನು ಕೇಳಿದ್ದೆ. ‘ಒತ್ತಿದ್ದು ನಿನ್ನ ಕೈ. ನಿಂತಿದೀನಿ ಅಂತ ಲಿಫ್ಟೇ ಹೇಳ್ಬೇಕು’ ಎಂದೆ ನೀನು. ಬಟನ್ನಿನ ಒಳಗಿನ ತಂತಿ ಸವೆದಿದ್ದರೆ ಹೊರಗಿನಿಂದ ಗೊತ್ತಾಗುವುದಿಲ್ಲ ಎಂದೂ ಹೇಳಿದ್ದೆ. ಎಲ್ಲವನ್ನೂ ಬರೆದುಕೊಂಡೆ. ಎಂಟಕ್ಕೆ ಎಂಟೂ ಹಳದಿ ಚೀಟಿಯಲ್ಲೇ ಗೋಡೆ ಹತ್ತಿದವು. ಆ ಗೋಡೆಯ ಫೋಟೋ ತಾರೀಕಿನ ಸಮೇತ ಈಗಲೂ ನನ್ನ ಬಳಿ ಇದೆ.

ಒಂಬತ್ತನೇ ದಿನ ಮೂರನೇ ಪಾಠವನ್ನು ಓಡಿಸಿ ನೋಡಿದರೆ ಹನ್ನೊಂದೂವರೆ ನಿಮಿಷ. ‘ಎರಡೂವರೆ ನಿಮಿಷ ಎಲ್ಲಾದ್ರೂ ಕಡಿಮೆ ಮಾಡಿ’ ಎಂದರು ಒಂಬತ್ತು ನಿಮಿಷ. ಎಲ್ಲಿ ಎಂದು ಅವರು ಹೇಳಲಿಲ್ಲ, ಅದನ್ನು ನೆನಪಿಡು. ಐದನೇ ಹೆಜ್ಜೆಯ ಚಿತ್ರೀಕರಣ ಬೇರೆ ಆಗಿರಲಿಲ್ಲ, ಕಟ್ಟಡದವರು ಎರಡು ಗಂಟೆ ಮಾತ್ರ ಲಿಫ್ಟ್ ಬಿಟ್ಟುಕೊಟ್ಟಿದ್ದರು. ಅದನ್ನು ಸೇರಿಸಬೇಕೆಂದರೆ ಮತ್ತೆ ಅನುಮತಿ, ಮತ್ತೆ ಅರ್ಧ ದಿನ. ನಾನು ಗೋಡೆಯ ಮುಂದೆ ನಿಂತು ನಮ್ಮ ಕಸುಬಿನ ಕಣ್ಣಿನಿಂದ ನೋಡಿದೆ. ನಾಲ್ಕು, ಲಿಫ್ಟನ್ನು ನಿಲ್ಲಿಸಿ. ಐದು, ಲಿಫ್ಟ್ ನಿಂತಿದೆಯೇ ನೋಡಿ. ಒಂದೇ ಮಾತನ್ನು ಎರಡು ಸಲ ಹೇಳಿದ ಹಾಗಿದೆ ಎನ್ನಿಸಿತು. ಎರಡು ಸಲ ಬಂದದ್ದನ್ನು ಒಂದು ಮಾಡುವುದೇ ನನ್ನ ಕೆಲಸ ಅಪ್ಪ, ಹನ್ನೊಂದು ವರ್ಷದಿಂದ ಅದಕ್ಕೇ ಶಹಬ್ಬಾಸ್ ಎನ್ನಿಸಿಕೊಂಡಿದ್ದೇನೆ. ಹಳದಿ ಚೀಟಿ ಕಿತ್ತು, ಅದೇ ಮಾತನ್ನು ನೀಲಿ ಚೀಟಿಯಲ್ಲಿ ಬರೆದು ಆ ಕಡೆಗೆ ಅಂಟಿಸಿದೆ. ಬೇರೆ ಯಾರೂ ಮುಟ್ಟಿಲ್ಲ. ಎಂಟು ಹೆಜ್ಜೆ ಏಳಾಯಿತು. ಅಲ್ಲಿ ಇಲ್ಲಿ ಇನ್ನಷ್ಟು ಸವರಿದೆ. ಪಾಠ ಎಂಟು ನಿಮಿಷ ಐವತ್ತು ಸೆಕೆಂಡಿಗೆ ಬಂತು. ಕೋಣೆಯಲ್ಲಿ ಎಲ್ಲರೂ ಚಪ್ಪಾಳೆ ತಟ್ಟಿದರು.

ಇನ್ನು ಮುಂದಿನದನ್ನು ಬರೆಯಲು ಕೈ ಬರುತ್ತಿಲ್ಲ. ವಿಷಯ ತಜ್ಞರು ಪಾಠವನ್ನೆಲ್ಲ ನೋಡಿ ಒಪ್ಪಿಗೆಯ ಮೇಲ್ ಕಳಿಸದೆ ನಾವು ಯಾವ ಪಾಠವನ್ನೂ ಬಿಡುಗಡೆ ಮಾಡುವ ಹಾಗಿಲ್ಲ. ಅದು ಬೇಕಾಗಿದ್ದದ್ದು ಹನ್ನೊಂದನೇ ದಿನ ಸಂಜೆ ನಾಲ್ಕರೊಳಗೆ. ನಿನ್ನ ಆಪರೇಷನ್ ಆದದ್ದು ಅದೇ ಬೆಳಿಗ್ಗೆ. ಮಧ್ಯಾಹ್ನ ಫೋನ್ ಮಾಡಿದಾಗ ಅಕ್ಕ ನಿನ್ನ ಕಿವಿಗೆ ಹಿಡಿದಳು. ಒಂದು ಕಣ್ಣಿಗೆ ಪಟ್ಟಿ, ಇನ್ನೊಂದು ಕಣ್ಣು ಮೊದಲೇ ಮಂಜು, ಮುಖ ದಿಂಬಿನಲ್ಲಿ. ಆ ಸ್ಥಿತಿಯಲ್ಲೂ ನೀನು ಕೇಳಿದ್ದು ಪಾಠದ ವಿಚಾರವನ್ನೇ. ‘ಪಟ್ಟಿ ಬಿಚ್ಚಿದ ಮೇಲೆ ನಾನೊಂದ್ಸಲ ನೋಡ್ತೀನಿ, ಅಲ್ಲೀತನಕ ಬಿಡ್ಬೇಡಿ’ ಎಂದೆ. ನಾನು ‘ಆಯ್ತಪ್ಪ’ ಎಂದೆ. ನಿನ್ನ ಮೇಲ್ ತೆರೆದುಕೊಟ್ಟವಳು ನಾನು, ಪಾಸ್‌ವರ್ಡ್ ನನಗೆ ಗೊತ್ತು. ಮೂರೂ ಮುಕ್ಕಾಲಿಗೆ ನಿನ್ನ ಹೆಸರಿನಿಂದ ನಾನೇ ನನಗೊಂದು ಮೇಲ್ ಕಳಿಸಿಕೊಂಡೆ. ‘ಎಲ್ಲಾ ಪಾಠ ನೋಡಿದೆ. ಚೆನ್ನಾಗಿದೆ. ಹುಡುಗರಿಗೆ ಹೀಗೇ ಕಲಿಸಿ.’ ನಿನ್ನ ಮಾತಿನ ಧಾಟಿ ಬರಲೆಂದು ಎರಡು ಸಲ ತಿದ್ದಿದೆ ಕೂಡ. ಒಂಬತ್ತು ನಿಮಿಷ ಅದನ್ನು ಎಲ್ಲರಿಗೂ ಓದಿ ಹೇಳಿ, ನಿಮ್ಮಪ್ಪ ದೊಡ್ಡ ಮನುಷ್ಯರು ಎಂದರು. ನಾನು ನಕ್ಕೆ. ಆಮೇಲೆ ನೀನು ಎರಡು ಸಲ ಪಾಠ ಕಳಿಸು ಎಂದಾಗ, ಕಣ್ಣು ಪೂರ್ತಿ ವಾಸಿಯಾಗಲಿ ಎಂದು ಮುಂದೂಡಿದ್ದೂ ನಾನೇ.

ಈಗ ಆಸ್ಪತ್ರೆಯಲ್ಲಿರುವವರು ನಲವತ್ತೈದು ದಾಟಿದವರು. ಮೊದಲು ಬಸ್ ಕಂಡಕ್ಟರ್ ಆಗಿದ್ದರಂತೆ. ಟಿಕೆಟ್ ಕೊಡಲು ಯಂತ್ರ ಬಂದು ಕೆಲಸ ಹೋದ ಮೇಲೆ ಈ ವಯಸ್ಸಿನಲ್ಲಿ ಹೊಸ ಕಸುಬು ಕಲಿಯಲು ಬಂದವರು. ಪಾಠದ ಕೊನೆಯ ಪರೀಕ್ಷೆಯಲ್ಲಿ ನಲವತ್ತು ಜನರಲ್ಲಿ ಇಪ್ಪತ್ತಕ್ಕೆ ಇಪ್ಪತ್ತು ಅಂಕ ತೆಗೆದವರು ಮೂರೇ ಜನ, ಅವರಲ್ಲಿ ಇವರೊಬ್ಬರು. ಹೋದ ಸೋಮವಾರ ಒಂದು ಹಳೆಯ ಐದು ಮಹಡಿಯ ಕಟ್ಟಡದಲ್ಲಿ ಹಿರಿಯ ಮೆಕ್ಯಾನಿಕ್ ಮೇಲಿನ ಮೆಷಿನ್ ರೂಮಿಗೆ ಹೋಗಿದ್ದಾಗ ಇವರು ಕ್ಯಾಬಿನ್ ಮೇಲೆ ಹತ್ತಿದ್ದಾರೆ. ಕೆಂಪು ಬಟನ್ ಒತ್ತಿಯೇ ಹತ್ತಿದ್ದಾರೆ. ಬಟನ್ ಕೆಟ್ಟಿತ್ತು. ಮೇಲಿನ ಮಹಡಿಯಲ್ಲಿ ಯಾರೋ ಲಿಫ್ಟ್ ಕರೆದರು. ಅದು ಅರ್ಧ ಮಹಡಿ ಏರುವಷ್ಟರಲ್ಲಿ ಇವರ ಪಾದ ಕ್ಯಾಬಿನ್ ಅಂಚಿಗೂ ಗೋಡೆಯ ತೊಲೆಗೂ ನಡುವೆ ಸಿಕ್ಕಿಕೊಂಡಿತು. ಎರಡು ಆಪರೇಷನ್ ಆಗಿವೆ. ಕಾಲು ಉಳಿಯುತ್ತದೆ, ಆದರೆ ಏಣಿ ಹತ್ತುವ ಕೆಲಸ ಇನ್ನು ಕಷ್ಟ ಎಂದಿದ್ದಾರೆ. ಕಂಪನಿಯವರು ಮರುದಿನವೇ ನಮಗೆ ಬರೆದರು: ತರಬೇತಿಯಲ್ಲಿ ಎಲ್ಲವನ್ನೂ ಕಲಿಸಲಾಗಿದೆ, ತಜ್ಞರು ಒಪ್ಪಿದ್ದಾರೆ, ಇವರಿಗೆ ಪೂರ್ತಿ ಅಂಕ ಬಂದಿದೆ, ಆದ್ದರಿಂದ ಇದು ಅವರ ಅಜಾಗರೂಕತೆ ಎಂದು ನಾವು ಬರೆದುಕೊಡಬೇಕಂತೆ. ಬರೆದುಕೊಟ್ಟರೆ ಅವರನ್ನು ಕೆಲಸದಿಂದ ತೆಗೆದು ಕೈ ತೊಳೆದುಕೊಳ್ಳುತ್ತಾರೆ. ಆ ಕಾಗದಪತ್ರಗಳನ್ನು ಜೋಡಿಸುವ ಕೆಲಸ ನನ್ನ ಪಾಲಿಗೇ ಬಂದಿದೆ. ಮಂಗಳವಾರ ಹನ್ನೊಂದು ಗಂಟೆಗೆ ಕಂಪನಿಯಲ್ಲಿ ವಿಚಾರಣೆ. ಪಟ್ಟಿಯಲ್ಲಿ ಮೊದಲನೆಯ ಪುರಾವೆ ನಿನ್ನ ಆ ಮೇಲ್.

ಗುರುವಾರ ತಡೆಯಲಾರದೆ ಆಸ್ಪತ್ರೆಗೆ ಹೋದೆ. ಎಂಟು ಹಾಸಿಗೆಯ ವಾರ್ಡು, ಕಿಟಕಿಯ ಪಕ್ಕದ್ದು ಅವರದು. ಕಾಲನ್ನು ದಿಂಬುಗಳ ಮೇಲೆ ಎತ್ತಿ ಇಟ್ಟಿದ್ದರು. ಆ ಪಾಠಗಳನ್ನು ಮಾಡಿದವಳು ನಾನು ಎಂದು ಹೇಳಿದ್ದೇ ತಡ, ಬೈಯುತ್ತಾರೆಂದು ನಾನು ಮೈ ಹಿಡಿ ಮಾಡಿಕೊಂಡು ನಿಂತಿದ್ದರೆ, ಅವರು ಎದ್ದು ಕೂರಲು ನೋಡಿದರು ಅಪ್ಪ. ಶಾಲೆ ಬಿಟ್ಟ ಮೇಲೆ ತನಗೆ ಅರ್ಥವಾಗುವ ಹಾಗೆ ಹೇಳಿಕೊಟ್ಟವರು ನೀವೇ ಮೊದಲು ಎಂದರು. ಊಟ ಮಾಡುವಾಗಲೂ ತಟ್ಟೆಯ ಪಕ್ಕದಲ್ಲಿ ಫೋನ್ ಇಟ್ಟುಕೊಂಡು ಮೂರನೇ ಪಾಠ ನೋಡುತ್ತಿದ್ದರು ಎಂದು ಹೆಂಡತಿ ಹೇಳಿದರು, ಸ್ವಲ್ಪ ಹೆಮ್ಮೆಯಿಂದಲೇ. ಆಮೇಲೆ ಅವರು ಬೆರಳು ಮಡಚುತ್ತಾ ಹೆಜ್ಜೆಗಳನ್ನು ಒಂದೊಂದಾಗಿ ಹೇಳಿದರು. ನಾನು ಬರೆದ ಶಬ್ದಗಳೇ, ನಾನು ಹಾಕಿದ ಕ್ರಮವೇ. ಒಂದೂ ಹಿಂದೆ ಮುಂದೆ ಆಗಲಿಲ್ಲ. ಏಳು ಬೆರಳು ಮಡಚಿ ನನ್ನ ಮುಖ ನೋಡಿದರು. ‘ಏಳೂ ಮಾಡಿದೀನಿ ಮೇಡಂ. ಯಾವುದು ಬಿಟ್ಟೆ ಅಂತ ನೀವೇ ಹೇಳಿ. ಇವರೆಲ್ಲ ನಂದೇ ತಪ್ಪು ಅಂತಾರೆ, ನಂಗೆ ಗೊತ್ತಾಗ್ತಾ ಇಲ್ಲ.’ ತಂದ ಹಣ್ಣಿನ ಚೀಲವನ್ನು ಕೊಡುವುದನ್ನೂ ಮರೆತು ಹಿಡಿದುಕೊಂಡೇ ಮನೆಗೆ ಬಂದೆ. ಅಂದಿನಿಂದ ಮಗು ಏನಾದರೂ ಕೇಳಿದರೆ ಸಿಡುಕುತ್ತೇನೆ. ಅವರು ಎರಡು ಮಾತು ಬೈದಿದ್ದರೆ ಚೆನ್ನಾಗಿತ್ತು.

ನಿನ್ನ ಅಳಿಯನಿಗೆ ಶುಕ್ರವಾರ ಎಲ್ಲವನ್ನೂ ಹೇಳಿದೆ. ಅವರು ‘ಚೀಟಿ ಕಿತ್ತದ್ದು ಹೇಳು, ಮೇಲ್ ವಿಷ್ಯ ಮಾತ್ರ ಎತ್ಬೇಡ’ ಎಂದರು. ಚೀಟಿ ಕಿತ್ತದ್ದು ಅವಸರದ ತಪ್ಪು, ಯಾರಿಗಾದರೂ ಆಗಬಹುದು. ಮೇಲ್ ಕಳಿಸಿದ್ದು ಮೋಸ, ಅದಕ್ಕೆ ಕೆಲಸ ಹೋಗುವುದಷ್ಟೇ ಅಲ್ಲ, ಈ ಕಸುಬಿನಲ್ಲಿ ಮತ್ತೆ ಯಾರೂ ಹತ್ತಿರ ಸೇರಿಸುವುದಿಲ್ಲ ಎಂದು ಅವರ ಚಿಂತೆ. ನನಗೂ ಒಂದು ದಿನ ಆ ಮಾತು ಹಿತವಾಗಿ ಕಂಡಿತು, ಸುಳ್ಳು ಹೇಳುವುದಿಲ್ಲ. ಆದರೆ ಮೇಲ್ ಹಾಗೇ ಉಳಿದರೆ ಅರ್ಥವೇನು? ಮಗಳು ಕಿತ್ತಳು, ಆದರೆ ಮೂವತ್ನಾಲ್ಕು ವರ್ಷ ಅನುಭವವಿದ್ದ ತಂದೆ ನೋಡಿ ಚೆನ್ನಾಗಿದೆ ಎಂದ, ಹಾಗಾದರೆ ಆ ಹೆಜ್ಜೆ ಅಷ್ಟೇನೂ ಮುಖ್ಯವಲ್ಲ ಎಂದಾಗುತ್ತದೆ. ಕಂಪನಿಗೆ ಬೇಕಾದದ್ದು ಅಷ್ಟೇ. ಕಂಡಕ್ಟರ್ ಕಾಲು ಜಜ್ಜಿಸಿಕೊಂಡದ್ದಲ್ಲದೆ ಬಯ್ಯಿಸಿಕೊಳ್ಳುತ್ತಾರೆ, ನಿನ್ನ ಕೆಲಸಕ್ಕೆ ಮಸಿ ಮೆತ್ತಿಕೊಳ್ಳುತ್ತದೆ, ನಾನೊಬ್ಬಳು ಅರ್ಧ ಸತ್ಯ ಹೇಳಿ ಪಾರಾಗುತ್ತೇನೆ. ಅದು ಬೇಡ. ಮಂಗಳವಾರ ಗೋಡೆಯ ಫೋಟೋ ಇಟ್ಟು, ಮೇಲ್ ಬರೆದವಳೂ ನಾನೇ ಎಂದು ಹೇಳಲು ನಿಶ್ಚಯಿಸಿದ್ದೇನೆ. ಧೈರ್ಯ ಇದೆ ಎಂದುಕೊಳ್ಳಬೇಡ. ಉಳಿದ ಮೂವತ್ತೊಂಬತ್ತು ಜನ ನಾಳೆ ಬೆಳಿಗ್ಗೆಯೂ ಏಳೇ ಹೆಜ್ಜೆ ಎಣಿಸಿ ಹತ್ತುತ್ತಾರಲ್ಲ ಎಂದು ನಿನ್ನೆಯೇ ಅವರಿಗೆಲ್ಲ ಐದನೆಯದನ್ನು ಬರೆದು ಕಳಿಸಿದ್ದೇನೆ, ಯಾರನ್ನೂ ಕೇಳದೆ. ಒಂಬತ್ತು ನಿಮಿಷಕ್ಕೆ ಅದಿನ್ನೂ ಗೊತ್ತಿಲ್ಲ.

ಇಷ್ಟು ದಿನ ನಿನ್ನಿಂದ ಮುಚ್ಚಿಟ್ಟದ್ದಕ್ಕೆ ಕ್ಷಮಿಸು ಎಂದು ಕೇಳುವ ಮುಖವೂ ನನಗಿಲ್ಲ. ಸಿಟ್ಟು ಬಂದರೆ ಫೋನ್ ಮಾಡಿ ಬೈದುಬಿಡು, ಮನಸ್ಸಿನಲ್ಲಿಟ್ಟುಕೊಂಡು ಕಣ್ಣಿಗೆ ತ್ರಾಸ ಮಾಡಿಕೊಳ್ಳಬೇಡ. ಅಕ್ಕನಿಗೆ, ಭಾವನಿಗೆ ನನ್ನ ನೆನಪು ಹೇಳು. ನಿನ್ನ ಕೈ ನನ್ನ ತಲೆಯ ಮೇಲಿರಲಿ, ಈ ವಾರವಂತೂ ಅದು ಬೇಕು.

ನಿನ್ನ
ಕಿರಿ ಮಗಳು

ತಾ.ಕ.: ಕಾಗದ ಮಡಚುವಷ್ಟರಲ್ಲಿ ಅಕ್ಕನ ಫೋನ್ ಬಂತು. ನನಗೆ ಹೇಳಬಾರದೆಂದು ನೀನು ಆಣೆ ಹಾಕಿಸಿಕೊಂಡಿದ್ದೆಯಂತೆ, ಆದರೂ ಅವಳಿಂದ ಹೊಟ್ಟೆಯಲ್ಲಿಟ್ಟುಕೊಳ್ಳಲು ಆಗಲಿಲ್ಲ. ನಾನು ಕಳಿಸಿದ ಐದನೇ ಹೆಜ್ಜೆ ಕಂಪನಿಯವರ ಕಣ್ಣಿಗೆ ಬಿದ್ದು, ಅವರು ನಿನ್ನೆಯೇ ನಿನಗೆ ಫೋನ್ ಮಾಡಿದ್ದರಂತೆ. ಪಾಠ ನೋಡಿದ್ರಾ, ಅದರಲ್ಲಿ ಈ ಹೆಜ್ಜೆ ಯಾಕಿಲ್ಲ ಎಂದು ಕೇಳಿದ್ದಕ್ಕೆ ನೀನು ತಡವರಿಸದೆ, ‘ಪೂರ್ತಿ ನೋಡಿದೀನಿ, ಆ ಹೆಜ್ಜೆ ಹೇಳದೆ ಬಿಟ್ಟೋನೂ ನಾನೇ, ವಯಸ್ಸಾಯ್ತು, ಮರೆತೆ’ ಎಂದೆಯಂತೆ. ಈಗ ಫೋನ್ ಮಾಡಿದರೆ ಎತ್ತುತ್ತಿಲ್ಲ. ಅಪ್ಪ, ಒಂದು ದಿನವೂ ಲಿಫ್ಟನ್ನು ಕರೆದು ನೋಡದೆ ಅದರ ಮೇಲೆ ಕಾಲಿಡದ ನೀನು, ಯಾರೋ ಗೊತ್ತಿಲ್ಲದವನಿಗೆ ಮರೆತೆ ಎಂದು ಹೇಳಿದೆಯಲ್ಲ. ಚಿಕ್ಕವಳಿದ್ದಾಗ ನಾನು ಒಡೆದ ಪಕ್ಕದ ಮನೆಯ ಕಿಟಕಿಯನ್ನು ನೀನೇ ಒಡೆದದ್ದೆಂದು ಹೇಳಿದ್ದೆ. ಅದು ಗಾಜು, ಇದು ಒಬ್ಬರ ಕಾಲು. ನಿನ್ನ ಮಾತು ಹಾಗೇ ನಿಂತರೆ ಮಂಗಳವಾರ ನಾನು ಏನು ಹೇಳಿದರೂ, ಅಪ್ಪನನ್ನು ಉಳಿಸಲು ಹೇಳುತ್ತಿದ್ದಾಳೆ ಎಂದುಬಿಡುತ್ತಾರೆ. ಕಣ್ಣಾಸ್ಪತ್ರೆಯವರು ಕೊಟ್ಟ ಬಿಡುಗಡೆ ಚೀಟಿ ಬೇಕು. ಅದರಲ್ಲಿ ಆಪರೇಷನ್ನಿನ ತಾರೀಕು, ಪಟ್ಟಿ ಎಷ್ಟು ದಿನ ಇತ್ತು, ಎಲ್ಲವೂ ಇರುತ್ತದೆ. ಆ ಸಂಜೆ ನೀನು ಏನನ್ನೂ ನೋಡಿರಲು ಸಾಧ್ಯವಿಲ್ಲ ಎಂದು ಅದೊಂದೇ ಹೇಳಬಲ್ಲದು. ಕಾಗದ ತಂದುಕೊಟ್ಟವರು ನಮ್ಮ ಎದುರುಮನೆಯ ಬಸ್ ಡ್ರೈವರ್, ನಾಳೆ ಸೋಮವಾರ ಮಧ್ಯಾಹ್ನ ಎರಡಕ್ಕೆ ಅಲ್ಲಿಂದ ವಾಪಸು ಹೊರಡುತ್ತಾರೆ. ಹುಡುಕಿಕೊಡಲು ಅಕ್ಕನಿಗೆ ಹೇಳು, ಆದರೆ ಅವರ ಕೈಗೆ ನೀನೇ ಕೊಡು. ನನ್ನ ಮೇಲೆ ಪ್ರೀತಿ ಇದ್ದರೆ ಕೊಡು.